ಬಾಣಂತನದ ಪಗಾರ

ಖಾನಾಪುರದಿಂದ ಬೆಳಗಾವಿಗೆ ಹೊರಟ ಬಸ್ಸಿನಲ್ಲೇ ಕೂತು ಇದನ್ನು ಗೀಚುತ್ತಿದ್ದೇನೆ. ನಡುದಾರಿಯಾಚೆಯ ಸೀಟಿನಲ್ಲಿ ಮಹಾದೇವಿ. ತವರಿನಲ್ಲಿ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟವಳು, ಮಡಿಲಲ್ಲಿ ಕೂಸು. ಕಳಿಸಲು ಬಂದ ಅವಳ ಅಪ್ಪನ ಕಾಲ ಬಳಿ ಹೊಸ ಮರದ ತೊಟ್ಟಿಲು. ಬೆಳಗಾವಿಯ ಸೀರೆ ಅಂಗಡಿಯಲ್ಲಿ ಅವಳಿಗೆ ಕೆಲಸ. ಇಷ್ಟು ದಿನದ ರಜೆಗೆ ಮಾಲೀಕ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ ಎಂದು ಅವಳೇ ಹೇಳಿದಳು.

ಹಲಸಿಯ ಗುಡಿ ನೋಡಿ ಬಂದ ಸ್ವೀಡನ್ನಿನ ಹೆಂಗಸೊಬ್ಬಳು ನನ್ನ ಪಕ್ಕದಲ್ಲಿದ್ದಳು. ನಾನು ಇಂಗ್ಲಿಷಿನಲ್ಲಿ ತಿಳಿಸಿದ್ದನ್ನು ಕೇಳಿ ದಂಗಾದಳು. ಅವರ ದೇಶದಲ್ಲಿ ಆ ರಜೆಗೆ ಸರಕಾರವೇ ದುಡ್ಡು ಕೊಡುತ್ತದಂತೆ, ಕೂಸಿನ ಅಪ್ಪನಿಗೂ. ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಮಹಾದೇವಿಯ ಅಪ್ಪ ಸೆಟೆದು ಕೂತರು.

"ನನ್ನ ಮಗಳ ಬಾಣಂತನಕ್ಕ ಸರಕಾರ ಯಾಕ ಬೇಕ್ರಿ? ನಾ ಏನ್ ಸತ್ತೀನೇನ್ರಿ?"

ಆ ಅಭಿಮಾನಕ್ಕೆ ನಾನು ತಲೆದೂಗಿಬಿಟ್ಟೆ. ಮಗಳು ತಲೆದೂಗಲಿಲ್ಲ.

"ನೀ ಅದೀ ಅಂತನ ಅಪ್ಪಾ, ಆ ಮಾಲೀಕ ಕೊಡವಲ್ಲ," ಅಂದಳು. ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ಮನಿಗೆ ಆಮ್ಯಾಲೆ ಹೋಗೂಣು. ಮೊದಲ ಅಂಗಡಿಗೆ ನಡಿ. ತೊಟ್ಟಿಲಾ ಅವನ ಗಲ್ಲಾದ ಮುಂದನ ಇಡೂಣು."