ಕುಂತಾಕಿ ಎದ್ದಾಳ

ಪ್ರೇಮಲಾ ಒಂದು ಕಡೆ ಸುಮ್ಮನೆ ಕುಳಿತವಳಲ್ಲ. ಜಹೀರಾಬಾದಿನ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಸೀರೆ ಬಿಚ್ಚುತ್ತಾಳೆ, ಮಡಚುತ್ತಾಳೆ. ಆಗಲೂ ಅವಳ ಬೆರಳುಗಳು ಮೇಜಿನ ಮೇಲೆ ತಾಳ ಹಾಕುತ್ತಿರುತ್ತವೆ. ಆದರೆ ಅವಳ ಊರಿಗೆ ಹೋಗುವ ನ್ಯಾಲ್ಕಲ್ ಕಡೆಯ ಆಟೋಗಳಲ್ಲೆಲ್ಲ ಅವಳ ದನಿ ಹಾಡುವುದು ಕುಳಿತವಳ ಪ್ರೀತಿಯನ್ನೇ: ‘ಹಾದ್ಯಾಗ ಕುಂತೀನಿ, ನೀ ಬರೋತನಕ ಏಳಂಗಿಲ್ಲ.’ ಕಾಲೇಜಿನಲ್ಲಿದ್ದಾಗ ಬರೆದು ಹಾಡಿದ್ದಳು. ವಿಡಿಯೋದಲ್ಲಿ ಮಾತ್ರ ರೆಕಾರ್ಡ್ ಮಾಡಿದ ದತ್ತುವಿನ ಹೆಸರೊಂದೇ ಇದೆ. ಪಕ್ಕದ ಸೀಟಿನವರು ಆ ಹಾಡು ಗುನುಗಿದರೆ ಅವಳು ರಸ್ತೆಯ ಕಡೆ ಮುಖ ತಿರುಗಿಸುತ್ತಾಳೆ.

ಈ ವರ್ಷ ಅದರ ಮುಂದಿನ ಭಾಗ ಬರೆದಳು, ರ‍್ಯಾಪ್‌ನಲ್ಲಿ. ಕಾದು ಸಾಕಾದವಳು ಸೀರೆ ಝಾಡಿಸಿ ಏಳುತ್ತಾಳೆ. ಬಾರದವನ ಬಾಗಿಲಿಗೇ ಹೋಗಿ ಯಾಕೆ ಬರಲಿಲ್ಲವೆಂದು ಕೇಳುತ್ತಾಳೆ. ಅದನ್ನು ಹಿಡಿದು ದತ್ತುವಿನ ಸ್ಟುಡಿಯೋದ ಮೆಟ್ಟಿಲು ಹತ್ತಿದಳು.

‘ಈ ಸಲ ನನ್ನ ಹೆಸರ ಹಾಕ್ಬೇಕ್ರಿ, ದತ್ತಣ್ಣ.’

‘ಪರದೆ ಮ್ಯಾಲಿನ ಹೆಸರ ಯಾರ್ ಓದ್ತಾರ, ತಂಗಿ?’

‘ಹಂಗಾರ ನಿಮ್ದೂ ತೆಗೀರಿ.’

ದತ್ತು ನಕ್ಕು ಬೀಟ್ ಹಚ್ಚಿದ. ಅವಳು ಒಂದೇ ಸಮನೆ ನುಗ್ಗಿದಳು. ಅರ್ಧಕ್ಕೇ ಉಸಿರು ಕಟ್ಟಿತು. ಮತ್ತೆ ಮತ್ತೆ ಅದೇ ಆಯಿತು.

‘ಹಾಡ್ಲತ್ತೀಯೋ ಬಸ್ಸಿಗಿ ಓಡ್ಲತ್ತೀಯೋ? ಸೋಮವಾರ ಮುಂಜಾನಿ ಆಗ್ಲಿಲ್ಲಂದ್ರ ಈ ಹಾಡ ಸಂಜೀವಕುಮಾರಗ ಕೊಡ್ತೀನಿ. ಅವಂಗ ರ‍್ಯಾಪ್ ಬರ್ತದ.’

ಊರಿಗೆ ಬಂದವಳು ಒಲೆಯ ಸುತ್ತಲೂ ಅದನ್ನೇ ಗೊಣಗುತ್ತ ತಿರುಗಿದಳು. ರೊಟ್ಟಿ ಬಡಿಯುತ್ತಿದ್ದ ತಾಯಿ ಶಕುಂತಲಾಬಾಯಿ ಕೈ ನಿಲ್ಲಿಸಲಿಲ್ಲ.

‘ಇದ್ರಾಗ ಹೊಸಾದೇನದ? ಮದಿವ್ಯಾಗಿ ಬಂದಾಗ ಹೊಸ್ತಿಲಾಗ ನಿಂದ್ರಸಿ ಒಡಪ ಕೇಳ್ತಿದ್ರು. ಗಂಡನ ಹೆಸರ ಕೂಡ್ಸಿ ಪದ ಕಟ್ಟಿ ಹೇಳೋತನಕ ಒಳಗ ಬಿಡ್ತಿದ್ದಿಲ್ಲ. ಹೆಸರಿನ ಮುಂದ ಒಂದೀಟು ತಡೀಬೇಕು. ಅವಾಗ ಎಲ್ಲಾರ ಕಿವಿ ಬಾಗಿಲಿಗಿ ಬರ್ತಾವ. ಕೇಳು: ಜ್ವಾಳದ ರೊಟ್ಟಿಗಿ ತೊಗರಿ ಬ್ಯಾಳಿ…’ ರೊಟ್ಟಿಗೆ ಎರಡು ಪೆಟ್ಟು ಬಿತ್ತು. ‘ಮಾಣಿಕಪ್ಪನೋರ ಹೆಸರ ಹೇಳ್ತೀನಿ ಕೇಳಿ.’

‘ಕರ್ದೇನು?’ ಹೊರಗಿನಿಂದ ಅಪ್ಪನ ದನಿ.

‘ನಿಮಗಲ್ರಿ, ಹಾಡಿಗಿ.’

ಪ್ರೇಮಲಾಳ ಬೆರಳುಗಳು ಆ ಎರಡು ಪೆಟ್ಟನ್ನು ಮೊಣಕಾಲಿನ ಮೇಲೆ ಹುಡುಕತೊಡಗಿದವು.

ಸೋಮವಾರ ಅಂಗಡಿ ತೆರೆಯುವ ಮುಂಚೆ ಅವಳು ಮೈಕಿನ ಮುಂದೆ ನಿಂತಳು. ಸಂಜೀವಕುಮಾರ ಬಾಗಿಲಲ್ಲಿ ಕಾಯುತ್ತಿದ್ದ. ಈ ಸಲ ಅವಳು ಓಡಲಿಲ್ಲ. ಕೊನೆಯ ಸಾಲು ಬಂತು:

‘ಕುಂತಾಕಿ ಎದ್ದಾಳ, ಹೊಸ್ತಿಲಿಗಿ ಬಂದಾಳ,
ಗಂಡನ ಹೆಸರಲ್ಲ, ತನ್ನದೇ ಹೇಳ್ತಾಳ…’

ತಡೆದಳು. ಬೀಟ್ ಎರಡು ಪೆಟ್ಟು ಒಂಟಿಯಾಗಿ ನಡೆಯಿತು.

‘ಪ್ರೇಮಲಾ.’

ದತ್ತು ಆ ಹೆಸರೊಂದನ್ನು ಕತ್ತರಿಸಿ ತೆಗೆದು ಹಾಡು ಕೇಳಿದ. ತಾಳ ಕುಂಟಿತು. ಮತ್ತೆ ಅಲ್ಲೇ ಇಟ್ಟ.

‘ಇದು ತೆಗಿಯಾಕ ಬರಂಗಿಲ್ಲ,’ ಎಂದ ಸಂಜೀವಕುಮಾರನಿಗೆ.

ಅವಳು ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು, ಅಂಗಡಿಗೆ ಹೊತ್ತಾಗಿತ್ತು.