ಅತ್ತೆ ಎಣಿಸದ ಮೂರ್ಛೆಗಳು

ಎಂಬತ್ತರ ದಶಕದ ಮೊದಲಲ್ಲಿ ರಾಯಚೂರಿನ ಡಾಕ್ಟರೊಬ್ಬರು ಮೂರ್ಛೆ ರೋಗದ ಹೊಸ ಗುಳಿಗೆಯೊಂದನ್ನು ದೊಡ್ಡವರಿಗೆ ಕೊಟ್ಟು ಪರೀಕ್ಷಿಸುತ್ತಿದ್ದರು. ಕಾನ್ವೆಂಟಿನಲ್ಲಿ ಕಲಿತ ಹ್ಯಾಂಡ್‌ರೈಟಿಂಗ್ ನೋಡಿ ರಿಜಿಸ್ಟರ್ ಬರೆಯಲು ನನ್ನನ್ನು ಇಟ್ಟುಕೊಂಡಿದ್ದರು. ಮಾನ್ವಿ, ದೇವದುರ್ಗದ ಕಡೆಯಿಂದ ಬರುವವರಿಗೆ ಓದು ಬರಹ ಕಡಿಮೆ. ಅದಕ್ಕೇ ಮನೆಗೊಂದು ಡಬ್ಬಿ ಕೊಟ್ಟು, ಫಿಟ್ಸ್ ಬಂದಾಗೊಮ್ಮೆ ಒಂದು ಹುಣಸೆ ಬೀಜ ಹಾಕಿರೆಂದು ಹೇಳಿದ್ದೆವು.

ದೇವದುರ್ಗದ ಹತ್ತಿರದಿಂದ ಅತ್ತೆಯ ಜೊತೆ ಬರುತ್ತಿದ್ದ ಒಬ್ಬ ಸೊಸೆಗೆ ಗುಳಿಗೆಗೆ ಮುಂಚಿನ ತಿಂಗಳು ಒಂಬತ್ತು ಬೀಜ. ಗುಳಿಗೆ ನುಂಗಿದ ತಿಂಗಳು ಡಬ್ಬಿ ಖಾಲಿ! ‘ಎಕ್ಸಲೆಂಟ್ ರೆಸ್ಪಾನ್ಸ್’ ಎಂದು ಬರೆದೆ. ಆಮೇಲೆ ಡಾಕ್ಟರ್ ರಕ್ತ ತೆಗೆಯಲೆಂದು ಅವಳ ಕುಪ್ಪಸದ ತೋಳು ಸರಿಸಿದೆ. ನಾಲ್ಕು ಬರೆಗಳು. ಒಂದರಲ್ಲಿ ಇನ್ನೂ ಕೀವು.

“ಇದೇನ್ರೀ ಯವ್ವಾ?” ಎಂದು ಅವಳ ಅತ್ತೆಯನ್ನು ಕೇಳಿದೆ.

“ಗುಳಿಗಿ ನುಂಗಿದ್ರೂ ಬಂತಲ್ರೀ, ಬಂದಾಗೊಮ್ಮೆ ಕುಡಗೋಲು ಕಾಸಿ ಒಂದು ಬರಿ ಇಟ್ಟೀವಿ. ನಿಂತ್ವು. ನಾವು ನಿಲ್ಸಿದ್ದಕ್ಕ ಬೀಜ ಯಾಕ ಹಾಕೂದು?”

ಡಾಕ್ಟರ್ ಬರೆಗಳನ್ನು ಎಣಿಸಿದರು. “ಒಂಬತ್ತಿದ್ದದ್ದು ನಾಲ್ಕಾಗ್ಯಾವ. ಗುಳಿಗಿ ಹಿಡಿಯಾಕತ್ತದ. ಡೋಸ್ ಏರಿಸಿದ್ರ ಪೂರಾ ನಿಲ್ಲಬಹುದು. ಬರಿ ಮಾತ್ರ ಬ್ಯಾಡ ಯವ್ವಾ.”

ಅಷ್ಟರಲ್ಲಿ ಸೊಸೆ ಸ್ಟೂಲಿನಿಂದ ಧೊಪ್ಪನೆ ಬಿದ್ದಳು. ಕೈಕಾಲು ನೆಲಕ್ಕೆ ಬಡಿಯತೊಡಗಿದವು, ನಾಲಿಗೆ ಕಚ್ಚಿ ಬಾಯೆಲ್ಲ ರಕ್ತ. ಡಾಕ್ಟರ್ ಅವಳನ್ನು ಮಗ್ಗುಲಿಗೆ ಹೊರಳಿಸುವಷ್ಟರಲ್ಲಿ ಅತ್ತೆ ಸಿರಿಂಜ್ ಕುದಿಸುವ ಸ್ಟೋವಿನ ಉರಿಗೆ ಇಕ್ಕಳ ಹಿಡಿದಿದ್ದಳು. ಕಿತ್ತುಕೊಳ್ಳಲು ಹೋದೆ. ಕಾದ ಕಬ್ಬಿಣ ನನ್ನ ಅಂಗೈಗೆ ಹತ್ತಿ ಚರ್ಮ ಚುರ್ರೆಂದಿತು. ಮತ್ತೊಂದು ಕೈಯಿಂದ ಆ ಮುದುಕಿಯ ಕೆನ್ನೆಗೆ ಬಾರಿಸಿದೆ. ಒಂದೇಟಲ್ಲ. ತುರುಬು ಹಿಡಿದು ಗೋಡೆಗೆ ಒತ್ತಿ ಮತ್ತೆ ಬಾರಿಸಿದೆ. ಜೆಂಟಲ್‌ನೆಸ್ ಬಗ್ಗೆ ಸಿಸ್ಟರುಗಳು ಹತ್ತು ವರ್ಷ ಹೇಳಿಕೊಟ್ಟಿದ್ದರು!

ಫಿಟ್ಸ್ ತಾನಾಗಿಯೇ ನಿಂತಿತು.

“ನೋಡ್ರಿ, ಬರಿ ಇಲ್ದೇ ನಿಂತದ,” ಎಂದೆ ಏದುಸಿರಿನಲ್ಲಿ.

ಮುದುಕಿ ತುಟಿಯ ರಕ್ತ ಒರೆಸಿಕೊಂಡಳು. “ನಿಂತದ ಬಿಡವ್ವಾ. ಯಾರಿಗಾರ ನೋವಾದ್ರ ನಿಲ್ತದ. ನಾನೂ ಅದನ್ನೇ ಅಂದದ್ದು.”

ಕಣ್ಣು ಬಿಟ್ಟ ಸೊಸೆ ಅತ್ತೆಯ ಮುಖ ನೋಡಿದಳು, ನನ್ನನ್ನು ನೋಡಿದಳು. “ಯಾಕ ಬಡದ್ರೀ ಅಕ್ಕಾ? ಮನಿಗಿ ಹೋದಮ್ಯಾಲ ಈ ಏಟು ನನಗ ಬೀಳ್ತಾವ.”

ಡಾಕ್ಟರ್ ಕೈಮುಗಿದು ಕೊಟ್ಟ ಗುಳಿಗೆಯ ಪೊಟ್ಟಣವನ್ನು ಸ್ಟೂಲಿನ ಮೇಲೇ ಬಿಟ್ಟು, ಸೊಸೆಯ ಬರೆ ಬಿದ್ದ ತೋಳನ್ನೇ ಹಿಡಿದು ಮುದುಕಿ ಎಳೆದುಕೊಂಡು ಹೋದಳು. ಸುಟ್ಟ ಕೈಗೆ ಒದ್ದೆ ಬಟ್ಟೆ ಸುತ್ತಿ, ಪೊಟ್ಟಣ ಹಿಡಿದು ಬಸ್‌ಸ್ಟ್ಯಾಂಡಿಗೆ ಓಡಿದೆ. ದೇವದುರ್ಗದ ಬಸ್ಸು ಇನ್ನೂ ನಿಂತಿತ್ತು. ಕಿಟಕಿಯಲ್ಲಿ ನನ್ನನ್ನು ಕಂಡ ಸೊಸೆ ಬೇಡವೆಂದು ತಲೆಯಾಡಿಸಿ ಮುಖಕ್ಕೆ ಸೆರಗು ಮುಚ್ಚಿಕೊಂಡಳು.