ಮಿಲಿಟರಿ ಹೋಟೆಲಿನ ಬಾಗಿಲಲ್ಲಿ

ಮಂಗಳೂರಿನ ಬಿಜೈ ಬಸ್ ನಿಲ್ದಾಣದ ಹತ್ತಿರ ‘ಮಿಲಿಟರಿ ಹೋಟೆಲ್’ ಎಂಬ ಬೋರ್ಡು ಓದಿದ್ದೇ ತಡ, ಬಸ್ಸಿನಲ್ಲಿ ಪರಿಚಯವಾದ ಈಜಿಪ್ಟಿನ ವಿದ್ಯಾರ್ಥಿ ಕರೀಮ್ ಬಾಗಿಲಲ್ಲೇ ನಿಂತುಬಿಟ್ಟ. ಅವನ ದೇಶದಲ್ಲಿ ಸೈನ್ಯ ಹೋಟೆಲನ್ನೂ ನಡೆಸುತ್ತದಂತೆ, ಸರ್ಕಾರವನ್ನೂ. “ಇಲ್ಲಿಯೂ ಸೈನ್ಯದ್ದಾ?” ಎಂದು ತನ್ನ ಹೊಸ ಕನ್ನಡದಲ್ಲಿ ಕೇಳಿದ. ಮಾಂಸದೂಟದ ಹೋಟೆಲಿಗೆ ನಮ್ಮಲ್ಲಿ ಹಾಗನ್ನುತ್ತಾರೆಂದು ನಾನು ವಿವರಿಸುವಷ್ಟರಲ್ಲಿ ಮಾಲೀಕ ಹಮೀದ್ ಬ್ಯಾರಿ ನಕ್ಕರು. “ಎಂತ ಸೈನ್ಯ ಮಾರಾಯ! ಅವರೆಲ್ಲ ಅಜ್ಜನ ಕಾಲದಲ್ಲೇ ಊಟ ಮಾಡಿ ಹೋದ್ರು. ಈಗ ಬೋರ್ಡು ಮಾತ್ರ ಉಂಟು.”

ಕರೀಮನಿಗೆ ಆ ‘ಉಂಟು’ ಹಿಡಿಸಿತು. ಒಳಗೆ ಕೂತು ಕೋಳಿ ಸುಕ್ಕಕ್ಕೆ ಕೈಹಾಕುತ್ತ, “ನಮ್ಮಲ್ಲಿ ಆಳುವವರ ಮೈಮೇಲೆ ಯೂನಿಫಾರ್ಮು ಹೋಗಿ ಸೂಟು ಬಂತು. ಬೋರ್ಡು ಇಲ್ಲ, ಮಿಲಿಟರಿ ಉಂಟು!” ಎಂದ.

ಹಮೀದ್ ಬ್ಯಾರಿ ಅವನ ತಟ್ಟೆಗೆ ಇನ್ನೊಂದು ತುಂಡು ಹಾಕಿದರು. “ಹಾಗಾದ್ರೆ ಅವರದ್ದು ಊಟ ಇನ್ನೂ ಮುಗಿಯಲಿಲ್ಲ!”